ಅಡಗಿದ ರೇಡಿಯೊ ಹುಡುಕುವ ಆಟ
(ವಿದ್ಯಾರ್ಥಿ ಶಿಬಿರದಲ್ಲಿ ಮಾಡಿದ ಭಾಷಣದ ಸಾರ)



ಹವ್ಯಾಸಿ ರೇಡಿಯೊದವರ ‘ನರಿ ಬೇಟೆ’ಯಲ್ಲಿ ನರಿಯೆಂದರೆ ಪೊದೆಯಲ್ಲಿ ಬಚ್ಚಿಟ್ಟ ಪುಟ್ಟ ಟ್ರಾನ್ಸ್‌ಮಿಟರ್. ಸಾಮಾನ್ಯವಾಗಿ 144 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಅದು ಸಂಕೇತ ಬಿತ್ತರಿಸುತ್ತದೆ. ಯಾಗಿ ಆಂಟೆನಾವನ್ನು ನಿಧಾನವಾಗಿ ತಿರುಗಿಸಿ, ಸಂಕೇತ ಪ್ರಬಲವಾಗಿರುವ ದಿಕ್ಕನ್ನು ದಿಕ್ಸೂಚಿಯಲ್ಲಿ ನೋಡಿ, ನಕ್ಷೆಯ ಮೇಲೆ ಗೆರೆ ಎಳೆಯಬೇಕು.

ಮಲೆನಾಡಿನಲ್ಲಿ ಒಂದೇ ಗೆರೆಯನ್ನು ನಂಬಲಾಗದು. ಎದುರು ಗುಡ್ಡಕ್ಕೆ ಬಡಿದು ಮರಳುವ ಅಲೆಯು ದಿಕ್ಕು ತಪ್ಪಿಸುತ್ತದೆ. ಮೂರು ಎತ್ತರದ ತಾಣಗಳಿಂದ ಗೆರೆ ಎಳೆದು, ಅವು ಸಂಧಿಸುವೆಡೆಗೆ ನಡೆಯಿರಿ. ಸಮೀಪಿಸಿದಾಗ ಸಂಕೇತ ಎಲ್ಲೆಡೆಯೂ ಪ್ರಬಲವಾಗಿರುತ್ತದೆ. ಆಗ ಕೈರೇಡಿಯೊವನ್ನು ಎದೆಗೊತ್ತಿಕೊಂಡು ಸುತ್ತು ತಿರುಗಿ. ಸಂಕೇತ ಕುಗ್ಗಿದಲ್ಲಿ, ನರಿ ನಿಮ್ಮ ಬೆನ್ನ ಹಿಂದಿದೆ!

ಸಂಘಟಕರು ಗಮನಿಸಬೇಕಾದದ್ದು: ಬಿತ್ತರಿಸುವವರಿಗೆ ಪರವಾನಗಿ ಇರಲಿ. ಬೇಣದ ಒಡೆಯರ ಒಪ್ಪಿಗೆ ಪಡೆಯಿರಿ. ಅಭಯಾರಣ್ಯದೊಳಗೆ ಆಟ ಬೇಡ. ಕತ್ತಲಾಗುವ ಮೊದಲೇ ಎಲ್ಲರನ್ನೂ ಎಣಿಸಿಕೊಳ್ಳಿ.

ಡಾ. ಉಲ್ಲಾಸ ಕಾರಂತರು 1990ರಲ್ಲಿ ನಾಗರಹೊಳೆಯ ಹುಲಿಗಳಿಗೆ ರೇಡಿಯೊ ಕೊರಳಪಟ್ಟಿ ತೊಡಿಸಿ ಅವುಗಳ ಸಂಚಾರ ಅರಿತದ್ದು ಇದೇ ತತ್ತ್ವದಿಂದ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಅನೇಕ ಊರುಗಳ ರಸ್ತೆ, ದೂರವಾಣಿಗಳು ಕಡಿದುಹೋದವು. ಅಂಥ ದಿನ ತಾನಿರುವ ಜಾಗ ತಿಳಿಸಲಾಗದವನ ಕೈಯಲ್ಲೊಂದು ರೇಡಿಯೊ ಇದ್ದರೆ, ಅವನನ್ನು ಹುಡುಕಬಲ್ಲವರು ಈ ಆಟ ಆಡಿ ಪಳಗಿದ ಊರಿನವರೇ. ಬೇಸಿಗೆ ರಜೆಯಲ್ಲೇ ಅಭ್ಯಾಸ ಆರಂಭಿಸೋಣ.