ನೀರನ್ನು ಬಿಟ್ಟೇಳುವ ದೋಣಿಗಳು



ಹರಿಗೋಲಿನಿಂದ ಮೊದಲುಗೊಂಡು ಮಹಾನೌಕೆಯವರೆಗೆ ಜಲವಾಹನಗಳಿಗೆಲ್ಲ ಒಂದೇ ತೊಡಕುಂಟು. ಅವನ್ನು ತೇಲಿಸುವ ನೀರೇ ಅವನ್ನು ತಡೆಯುವುದು. ನೀರು ಗಾಳಿಗಿಂತ ಸುಮಾರು 800 ಮಡಿ ಸಾಂದ್ರವಾದುದು. ಅದನ್ನು ಸೀಳಿಕೊಂಡು ಅಲೆಗಳನ್ನೆಬ್ಬಿಸುತ್ತ ಸಾಗುವುದರಲ್ಲಿಯೇ ಯಂತ್ರಶಕ್ತಿಯ ಬಹುಭಾಗವು ವ್ಯಯವಾಗುವುದು. ಈ ತಡೆಯನ್ನು ತಪ್ಪಿಸಿಕೊಳ್ಳಲು ಹುಟ್ಟಿದ ಉಪಾಯವೇ ಹೈಡ್ರೋಫಾಯಿಲ್ ದೋಣಿ.

ಇದರ ತತ್ತ್ವವು ಸರಳವಾದುದು. ದೋಣಿಯ ಒಡಲಿನಿಂದ ಕೆಳಕ್ಕೆ ಕಂಬಗಳನ್ನು ಇಳಿಬಿಟ್ಟು, ಅವುಗಳ ತುದಿಗೆ ವಿಮಾನದ ರೆಕ್ಕೆಯನ್ನು ಹೋಲುವ ಹಲಗೆಗಳನ್ನು ಜೋಡಿಸುವರು. ವೇಗವು ಹೆಚ್ಚಿದಂತೆ ಈ ರೆಕ್ಕೆಗಳು ನೀರನ್ನು ಕೆಳಕ್ಕೆ ನೂಕುವುವು. ನೀರು ಅವನ್ನು ಮೇಲಕ್ಕೆತ್ತುವುದು. ಕಡೆಗೆ ಒಡಲೆಲ್ಲವೂ ಗಾಳಿಯಲ್ಲಿರುವುದು, ರೆಕ್ಕೆಗಳು ಮಾತ್ರ ನೀರಿನಲ್ಲಿ ಉಳಿಯುವುವು. ನೀರು ಸಾಂದ್ರವಾಗಿರುವುದರಿಂದಲೇ ಚಿಕ್ಕ ರೆಕ್ಕೆಗಳು ದೊಡ್ಡ ಭಾರವನ್ನು ಹೊರಬಲ್ಲುವು.

ಇಟಲಿಯ ಎನ್ರಿಕೋ ಫೋರ್ಲಾನಿನಿಯು 1906ರಲ್ಲಿ ಮಜ್ಜೋರೆ ಸರೋವರದ ಮೇಲೆ ಇಂತಹ ದೋಣಿಯನ್ನು ಗಂಟೆಗೆ 40 ಮೈಲಿಗೂ ಮಿಗಿಲಾದ ವೇಗದಿಂದ ನಡೆಸಿದನು. ಟೆಲಿಫೋನಿನಿಂದ ಖ್ಯಾತನಾದ ಗ್ರಹಾಂ ಬೆಲ್ಲನೂ ಅವನ ಸಂಗಡಿಗನಾದ ಬಾಲ್ಡ್ವಿನ್ನನೂ ಕೆನಡಾದಲ್ಲಿ ಕಟ್ಟಿದ ಎಚ್. ಡಿ. 4 ಎಂಬ ದೋಣಿಯು 1919ರಲ್ಲಿ ಗಂಟೆಗೆ 70.86 ಮೈಲಿ ಓಡಿ, ಅಂದಿನ ಜಲವಾಹನಗಳೆಲ್ಲವನ್ನೂ ಮೀರಿಸಿತು. ಆದರೆ ಸಾಮಾನ್ಯ ಪ್ರಯಾಣಿಕರಿಗೆ ಇದರ ಪ್ರಯೋಜನವು ದೊರೆತುದು 1953ರಲ್ಲಿ. ಅದೇ ಮಜ್ಜೋರೆಯ ಮೇಲೆ ಸ್ವಿಟ್ಜರ್ಲೆಂಡಿಗೂ ಇಟಲಿಗೂ ನಡುವೆ ನಿಯತ ಸಂಚಾರವು ಆಗ ಮೊದಲಾಯಿತು.

ಈ ದೋಣಿಗಳಿಗೆ ಅತ್ಯಂತ ವಿಶಾಲವಾದ ಕ್ಷೇತ್ರವು ದೊರೆತುದು ರಷ್ಯದ ನದಿಗಳಲ್ಲಿ. ರೋಸ್ಟಿಸ್ಲಾವ್ ಅಲೆಕ್ಸೆಯೆವನು ರಚಿಸಿದ ‘ರಾಕೇತಾ’ ದೋಣಿಯು 1957ರಲ್ಲಿ ವೋಲ್ಗಾ ನದಿಯ ಮೇಲೆ ಗೋರ್ಕಿ ನಗರದಿಂದ ಕಜಾನಿಗೆ ಸುಮಾರು 260 ಮೈಲಿಗಳನ್ನು 7 ಗಂಟೆಗಳಲ್ಲಿ ಕ್ರಮಿಸಿತು. ಇದರಲ್ಲಿ 60ಕ್ಕಿಂತ ಹೆಚ್ಚು ಮಂದಿಗೆ ಸ್ಥಳವಿತ್ತು. ನೂರಾರು ರಾಕೇತಾಗಳು ನದೀತೀರದ ಊರುಗಳನ್ನು ಹತ್ತಿರ ತಂದುವು.

ಆದರೆ 1991ರಲ್ಲಿ ಸೋವಿಯತ್ ಒಕ್ಕೂಟವು ಒಡೆದ ಮೇಲೆ ಇವುಗಳಲ್ಲಿ ಬಹುಪಾಲು ನಿಂತುಹೋದುವು. ತಡೆಯನ್ನು ಗೆದ್ದ ವಾಹನಕ್ಕೆ ಈ ಗತಿಯೇಕೆಂದು ನಾವು ಕೇಳಿಕೊಳ್ಳಬೇಕು. ರೆಕ್ಕೆಯು ಉಳಿಸಿದುದನ್ನು ವೇಗದ ಆಸೆಯು ನುಂಗಿತು. ಕೆಲವೇ ಹತ್ತು ಜನರನ್ನು ಶೀಘ್ರವಾಗಿ ಒಯ್ಯಲು ಬಲವಾದ ಯಂತ್ರವೂ ಬಹಳ ಎಣ್ಣೆಯೂ ಬೇಕಾದುವು. ಆ ವೆಚ್ಚವನ್ನು ಪ್ರಯಾಣಿಕರ ಹಣದಿಂದಲೇ ತುಂಬುವುದು ದುಸ್ಸಾಧ್ಯವಾಯಿತು. ಹೊರೆಯು ಹೆಚ್ಚಿದರೆ ದೋಣಿಯು ಏಳದು. ತೇಲುವ ಮರದ ದಿಮ್ಮಿಯೊಂದು ತಗುಲಿದರೆ ರೆಕ್ಕೆಗೆ ಅಪಾಯ. ಆದುದರಿಂದ ಸರಕು ಸಾಗಣೆಗೆ ನಿಧಾನವಾದ ಹಡಗೇ ಲೇಸು.

ಈಚೆಗೆ ಈ ವಿದ್ಯೆಯು ಬೇರೊಂದು ಉದ್ದೇಶದಿಂದ ಮರಳಿ ಬಂದಿದೆ. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ 2024ರಲ್ಲಿ 30 ಜನರನ್ನು ಒಯ್ಯುವ ವಿದ್ಯುತ್ ಹೈಡ್ರೋಫಾಯಿಲ್ ದೋಣಿಯು ಸಂಚಾರಕ್ಕೆ ಇಳಿಯಿತು. ಗಣಕಯಂತ್ರವು ಕ್ಷಣಕ್ಷಣಕ್ಕೂ ರೆಕ್ಕೆಗಳ ಓರೆಯನ್ನು ತಿದ್ದುತ್ತ ದೋಣಿಯನ್ನು ಸಮತೂಕದಲ್ಲಿ ಇರಿಸುವುದು. ಭಾರವಾದ ಬ್ಯಾಟರಿಯಲ್ಲಿ ಹಿಡಿಯುವ ಶಕ್ತಿಯು ಅಲ್ಪ. ಆ ಅಲ್ಪದಲ್ಲಿಯೇ ವೇಗವಾಗಿ ದೂರ ಸಾಗಬೇಕಾದರೆ ನೀರಿನ ತಡೆಯನ್ನು ತಗ್ಗಿಸಲೇಬೇಕು. ಮೇಲೆದ್ದ ದೋಣಿಯು ಎಬ್ಬಿಸುವ ಅಲೆಯೂ ಸಣ್ಣದು, ದಡವು ಕೊರೆದುಹೋಗದು.

ನೂರು ವರ್ಷಗಳ ಹಿಂದೆ ವೇಗಕ್ಕಾಗಿ ಬಯಸಿದ ರೆಕ್ಕೆಯನ್ನು ನಾವೀಗ ಮಿತವ್ಯಯಕ್ಕಾಗಿ ಬಯಸುತ್ತಿದ್ದೇವೆ. ಈ ದೋಣಿಯು ಬಾಳಬೇಕಾದರೆ, ಅದು ಎಷ್ಟು ಬೇಗ ಓಡಿತೆಂಬುದಕ್ಕಿಂತ ಎಷ್ಟು ಕಡಮೆ ವೆಚ್ಚದಲ್ಲಿ ಜನರನ್ನು ದಡ ಸೇರಿಸಿತೆಂಬ ಲೆಕ್ಕವೇ ಮುಖ್ಯವಾದುದು.