ಹೊಳೆ ಇಳಿದ ಮೇಲೆ ಏನು ಉಳಿಸೋಣ?



ಮಳೆಗಾಲ ಬಂತೆಂದರೆ ಹೊಳೆ ದಂಡೆಯ ಊರುಗಳಲ್ಲಿ ಒಂದೇ ಮಾತು. "ಈ ಸಲ ನೀರು ಎಲ್ಲಿ ತನಕ ಬರ್ತದೋ ಏನೋ!" ಅಷ್ಟರಲ್ಲಿ ಡ್ಯಾಮಿನಿಂದ ನೀರು ಬಿಟ್ಟರು ಎಂಬ ಸುದ್ದಿ ಬರುತ್ತದೆ. ಆಗ ನಾವು ಏನು ಮಾಡುತ್ತೇವೆ? ಮಕ್ಕಳನ್ನು ಎತ್ತಿಕೊಳ್ಳುತ್ತೇವೆ. ಮುದುಕರ ಕೈ ಹಿಡಿಯುತ್ತೇವೆ. ದನಕರು ಬಿಚ್ಚುತ್ತೇವೆ. ಕಾಳುಕಡಿ, ರೇಷನ್ ಕಾರ್ಡು ಕಟ್ಟಿಕೊಂಡು ಎತ್ತರದ ಜಾಗಕ್ಕೆ ಹೋಗುತ್ತೇವೆ. ಇದು ಸರಿ. ಜೀವ ಮೊದಲು. ಜೀವಕ್ಕಿಂತ ದೊಡ್ಡದು ಯಾವುದೂ ಇಲ್ಲ.

ಆಮೇಲೆ ಹೊಳೆ ಇಳಿಯುತ್ತದೆ. ಮನೆಗೆ ಬಂದು ನೋಡಿದರೆ ಎಲ್ಲೆಲ್ಲೂ ಕೆಸರು. ಕೆಟ್ಟ ವಾಸನೆ. ಹೊಟ್ಟೆಯಲ್ಲಿ ಸಂಕಟ. "ಹೋದದ್ದು ಹೋಯ್ತು, ಎಲ್ಲಾ ಬಳಿದು ಹಾಕ್ರಿ" ಅನ್ನಿಸುತ್ತದೆ. ಸಲಿಕೆ ಹಿಡಿದರೆ ಕೆಸರಿನ ಜೊತೆಗೆ ಅಜ್ಜಿ ಹೊಲಿದ ಕೌದಿಯೂ ತಿಪ್ಪೆಗೆ ಹೋಗುತ್ತದೆ. ಅಟ್ಟದಿಂದ ಬಿದ್ದ ಓಲೆಗರಿ ಕಟ್ಟು ಹೋಗುತ್ತದೆ. ಅಪ್ಪ ಅವ್ವನ ಮದುವೆಯ ಒಂದೇ ಒಂದು ಫೋಟೋ ಹೋಗುತ್ತದೆ. ಗುಡಿ ಮುಂದೆ ಮುರಿದು ಬಿದ್ದ ಕೆತ್ತನೆಯ ಕಲ್ಲು ಯಾರದೋ ಮನೆಯ ಪಾಯಕ್ಕೆ ಸೇರುತ್ತದೆ.

ಹೊಳೆ ಬಿಟ್ಟು ಹೋದದ್ದನ್ನು ಅವಸರ ಒಯ್ಯುತ್ತದೆ. ಇವತ್ತು ನಾವು ಆಡಬೇಕಾದ ಮಾತು ಇದೇ.

ಇಬ್ಬರು ರಾಣಿಯರ ಗುಡಿ

ಬಾಗಲಕೋಟೆ ಜಿಲ್ಲೆಯಲ್ಲಿ ಪಟ್ಟದಕಲ್ಲು ಎಂಬ ಊರಿದೆ. ಮಲಪ್ರಭಾ ಹೊಳೆಯ ದಂಡೆಯಲ್ಲೇ ಇದೆ. ಅಲ್ಲಿ ಎರಡು ದೊಡ್ಡ ಗುಡಿಗಳು ಅಕ್ಕಪಕ್ಕ ನಿಂತಿವೆ. ಒಂದು ವಿರೂಪಾಕ್ಷ, ಇನ್ನೊಂದು ಮಲ್ಲಿಕಾರ್ಜುನ. ಇವನ್ನು ಕಟ್ಟಿಸಿದವರು ಯಾರು ಗೊತ್ತೇ? ಇಬ್ಬರು ಹೆಂಗಸರು! ಚಾಲುಕ್ಯ ರಾಜ ಎರಡನೆಯ ವಿಕ್ರಮಾದಿತ್ಯನ ರಾಣಿಯರು. ಲೋಕಮಹಾದೇವಿ ಮತ್ತು ತ್ರೈಲೋಕ್ಯಮಹಾದೇವಿ. ಇಬ್ಬರೂ ಅಕ್ಕತಂಗಿಯರು. ರಾಜ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ಈ ಗುಡಿಗಳನ್ನು ಕಟ್ಟಿಸಿದರು. ಅದು 8ನೇ ಶತಮಾನ. ಈಗ ಸಾವಿರದ ಇನ್ನೂರು ವರ್ಷದ ಮೇಲಾಯಿತು.

ಇದು ನಮಗೆ ಹೇಗೆ ಗೊತ್ತಾಯಿತು? ಅಲ್ಲಿನ ಕಲ್ಲಿನ ಮೇಲೆ ಬರೆದಿದ್ದಾರೆ. ರಾಣಿಯ ಹೆಸರಿದೆ. ಗುಡಿ ಕಟ್ಟಿದ ಕೆಲಸಗಾರ ಗುಂಡ ಅನಿವಾರಿತಾಚಾರಿಯ ಹೆಸರೂ ಇದೆ. ಬರೆದದ್ದರಿಂದ ಹೆಸರು ಉಳಿಯಿತು. ಬರೆಯದೆ ಹೋಗಿದ್ದರೆ ಯಾರೋ ಕಟ್ಟಿಸಿದರು ಅಂತಷ್ಟೇ ಹೇಳುತ್ತಿದ್ದೆವು.

ಪಟ್ಟದಕಲ್ಲಿನ ಈ ಗುಡಿಗಳು 1987ರಲ್ಲಿ ಲೋಕದ ಆಸ್ತಿಗಳ ಪಟ್ಟಿಗೆ ಸೇರಿದವು. ಇಡೀ ಲೋಕ ಕಾಪಾಡಬೇಕಾದ ಜಾಗ ಎಂದು ಇದರ ಅರ್ಥ. ಆದರೆ ಹೊಳೆಗೆ ಪಟ್ಟಿ ಗೊತ್ತಿಲ್ಲ. 2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆ ಉಕ್ಕಿ ಬಂದಳು. ನೀರು ಗುಡಿಗಳ ಅಂಗಳಕ್ಕೆ ನುಗ್ಗಿತು. ಸುತ್ತಲಿನ ಊರುಗಳೂ ಮುಳುಗಿದವು. ಹಂಪಿಯಲ್ಲೂ ಹೀಗೇ. ತುಂಗಭದ್ರಾ ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟಾಗ ಹೊಳೆಯಲ್ಲಿರುವ ಪುರಂದರ ಮಂಟಪ ಮುಳುಗುತ್ತದೆ.

"ಅದು ಸರ್ಕಾರದ ಗುಡಿ. ಸರ್ಕಾರ ನೋಡ್ಕೊಳ್ತದೆ ಬಿಡ್ರಿ" ಅಂತೀರಾ? ಪಟ್ಟದಕಲ್ಲನ್ನು ನೋಡಿಕೊಳ್ಳಲು ಇಲಾಖೆ ಇದೆ. ನಿಜ. ಆದರೆ ನಮ್ಮ ಊರಿನ ವೀರಗಲ್ಲಿಗೆ ಯಾರಿದ್ದಾರೆ? ಮಾಸ್ತಿಗಲ್ಲಿಗೆ? ಊರ ಬಾವಿಯ ಹಳೇ ಶಾಸನಕ್ಕೆ? ದರ್ಗಾದ ಕಟ್ಟಿಗೆ ಕೆತ್ತನೆಗೆ? ಬಸದಿಯ ಓಲೆಗರಿಗೆ? ಕೇರಿಯ ಹಲಗೆ ಮೇಳಕ್ಕೆ? ನಮ್ಮ ಪೆಟ್ಟಿಗೆಯ ಕಸೂತಿ ಸೀರೆಗೆ? ಅವಕ್ಕೆ ನಾವೇ ಇಲಾಖೆ.

ಕೈಯಲ್ಲಿರುವ ಆಸ್ತಿ

ಆಸ್ತಿ ಅಂದರೆ ಕಲ್ಲು ಕಟ್ಟಡ ಮಾತ್ರ ಅಲ್ಲ. ಕೈಗೆ ಗೊತ್ತಿರುವ ಕೆಲಸವೂ ಆಸ್ತಿಯೇ. ಧಾರವಾಡದ ಕಡೆಯ ಕಸೂತಿ ನೋಡಿ. ಗವಂತಿ, ಮುರಗಿ, ನೇಯ್ಗಿ, ಮೆಂತೆ ಅಂತ ನಾಲ್ಕು ಬಗೆಯ ಹೊಲಿಗೆ. ಬಟ್ಟೆಯ ಮೇಲೆ ಗೆರೆ ಎಳೆಯುವುದಿಲ್ಲ. ಎಳೆ ಎಣಿಸಿ ಹಾಕಬೇಕು. ಗೋಪುರ, ತೇರು, ಆನೆ, ತುಳಸಿಕಟ್ಟೆ ಎಲ್ಲಾ ಎಣಿಕೆಯಲ್ಲೇ ಮೂಡುತ್ತವೆ. ಹಳೇ ಸೀರೆ ಕಣ್ಣ ಮುಂದೆ ಇದ್ದರೆ ಮಗಳು ನೋಡಿ ಕಲಿಯುತ್ತಾಳೆ. ಸೀರೆ ಹೋದರೆ ಎಣಿಕೆಯೂ ಹೋಯಿತು.

ದೂರದ ಕಚ್ಛ್ ನಾಡಿನ ಸಂಗತಿ ಕೇಳಿ. ಅದು ಗುಜರಾತ್ ರಾಜ್ಯದಲ್ಲಿದೆ. 2001ರ ಜನವರಿ 26ರಂದು ಅಲ್ಲಿ ಭಾರಿ ಭೂಕಂಪ ಆಯಿತು. ಸಾವಿರಾರು ಜನ ಸತ್ತರು. ಧಮಡ್ಕಾ ಎಂಬ ಊರಿನಲ್ಲಿ ಅಜ್ರಖ್ ಬಟ್ಟೆಗೆ ಬಣ್ಣದ ಅಚ್ಚು ಒತ್ತುವ ಜನರಿದ್ದರು. ಅವರ ಮನೆಗಳು ಬಿದ್ದವು. ನೀರೂ ಕೆಟ್ಟಿತು. ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚಾಗಿ ಬಣ್ಣ ಸರಿಯಾಗಿ ಕೂರಲಿಲ್ಲ. ಆಗ ಅವರಲ್ಲಿ ಬಹಳ ಮಂದಿ ಭುಜ್ ಊರಿನ ಹತ್ತಿರ ಒಳ್ಳೆಯ ನೀರು ನೋಡಿ ಹೊಸ ಊರು ಕಟ್ಟಿದರು. ಅದಕ್ಕೆ ಅಜ್ರಖ್‌ಪುರ ಎಂದೇ ಹೆಸರಿಟ್ಟರು. ತಮ್ಮ ಕೆಲಸಕ್ಕೆ ಏನು ಬೇಕು ಎಂದು ಅವರಿಗೆ ಗೊತ್ತಿತ್ತು. ಅದನ್ನೇ ಕೇಳಿದರು, ಅದನ್ನೇ ಹುಡುಕಿದರು. ಕೆಲಸ ಉಳಿಯಿತು.

ನಮ್ಮಲ್ಲೂ 2009ರ ದೊಡ್ಡ ನೆರೆ ಬಂದ ಮೇಲೆ 'ಆಸರೆ' ಎಂಬ ಹೆಸರಿನಲ್ಲಿ ಸರ್ಕಾರ ಹೊಸ ಮನೆಗಳನ್ನು ಕಟ್ಟಿಸಿತು. ಊರು ಬಿಟ್ಟು ಹೊಸ ಊರಿಗೆ ಹೋಗುವಾಗ ನಾವೂ ಕೇಳಬೇಕು. ಮಗ್ಗ ಹಾಕಲು ಜಾಗ ಇದೆಯೇ? ಕುಂಬಾರನಿಗೆ ಮಣ್ಣು ಸಿಗುತ್ತದೆಯೇ? ಹೆಂಗಸರು ಕೂತು ಹಾಡಲು ಒಂದು ಕಟ್ಟೆ ಇದೆಯೇ? ಕೇಳಿದರೆ ತಪ್ಪಲ್ಲ. ಕೇಳದಿದ್ದರೆ ಯಾರಿಗೂ ನೆನಪಾಗುವುದಿಲ್ಲ.

ನೀರು ಬರುವ ಮೊದಲು

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಆಗುತ್ತದೆಯೇ? ಬೇಸಿಗೆಯಲ್ಲೇ ಕೆಲಸ ಶುರು ಮಾಡೋಣ.

ಒಂದು ನೂರು ಪುಟದ ನೋಟ್ ಬುಕ್ ತನ್ನಿ. ಮೇಲೆ 'ನಮ್ಮ ಊರಿನ ನೆನಪಿನ ಪುಸ್ತಕ' ಎಂದು ಬರೆಯಿರಿ. ಕಲಿತ ಅಕ್ಷರ ಇಲ್ಲಿ ಕೆಲಸಕ್ಕೆ ಬರುತ್ತದೆ. ಊರಿನಲ್ಲಿ ಏನೇನು ಇದೆ, ಎಲ್ಲಿದೆ, ಯಾರ ಹತ್ತಿರ ಇದೆ ಎಂದು ಬರೆಯಿರಿ. ಹೀಗೆ ಬರೆಯಬಹುದು: "ವೀರಗಲ್ಲು. ಹನುಮಪ್ಪನ ಗುಡಿಯ ಎಡಕ್ಕೆ. ಕುದುರೆ ಮೇಲೆ ಕೂತ ವೀರ. ಎದೆ ಎತ್ತರ." ಇಷ್ಟು ಸಾಕು. ಕಲ್ಲು ನಾಳೆ ಜಾಗ ಬಿಟ್ಟು ಹೋದರೆ ಹುಡುಕಲು ಗುರುತು ಸಿಗುತ್ತದೆ.

ಹಾಡನ್ನೂ ಬರೆಯಿರಿ. ಬೀಸುವ ಹಾಡು, ಸೋಬಾನೆ, ಕೋಲಾಟದ ಪದ ಯಾರಿಗೆ ಬರುತ್ತವೆ? ವಯಸ್ಸಾದ ಅಜ್ಜಿಯರ ಹತ್ತಿರ ಕೂತು ಕೇಳಿ. ಅವರು ಹೇಳಲಿ, ನಾವು ಬರೆಯೋಣ. ಮೊಬೈಲ್ ಇದ್ದರೆ ದನಿ ಹಿಡಿದಿಡಿ. ಕಲ್ಲು, ಸೀರೆ, ಓಲೆಗರಿಗಳ ಫೋಟೋ ತೆಗೆಯಿರಿ. ಎಲ್ಲಾ ಕೇರಿಗೂ ಹೋಗಿ. ಒಂದು ಕೇರಿ ಬಿಟ್ಟರೆ ಆ ಪುಸ್ತಕ ಊರಿನ ಪುಸ್ತಕ ಆಗುವುದಿಲ್ಲ.

ಪುಸ್ತಕದ ಎರಡು ಪ್ರತಿ ಇರಲಿ. ಒಂದು ನಮ್ಮ ಊರಿನ ಶಾಲೆಯಲ್ಲಿ. ಇನ್ನೊಂದು ಎತ್ತರದ ಬೇರೆ ಊರಿನಲ್ಲಿ. ಎರಡೂ ಒಂದೇ ಕಡೆ ಇದ್ದರೆ ಎರಡೂ ನೆನೆದಾವು.

ಮನೆಯಲ್ಲಿ ಹಳೇ ಕಾಗದ, ಫೋಟೋ, ಓಲೆಗರಿ ಇದ್ದರೆ ನೆಲದ ಪೆಟ್ಟಿಗೆಯಲ್ಲಿ ಇಡಬೇಡಿ. ಮೇಲಿನ ಹಲಗೆಯಲ್ಲಿ ಇಡಿ. ಹತ್ತಿಬಟ್ಟೆಯಲ್ಲಿ ಸುತ್ತಿ ಇಡಿ. ಮಳೆಗಾಲ ಬಂದಾಗ ಮೇಲೊಂದು ಪ್ಲಾಸ್ಟಿಕ್ ಚೀಲ ಹಾಕಿ. ಗುಂಡಿ ಮಗ್ಗದ ಮನೆಯಲ್ಲಿ ನೀರು ಮೊದಲು ಗುಂಡಿಗೇ ಇಳಿಯುತ್ತದೆ. ಲಾಳಿ, ಹಣಿಗೆ ಬಿಚ್ಚಿ ಮೇಲೆ ಇಡುವುದನ್ನು ಮನೆಯ ಎಲ್ಲರೂ ಕಲಿತಿರಲಿ.

ಯಾವುದನ್ನು ಮೊದಲು ಎತ್ತಬೇಕು, ಯಾರು ಎತ್ತಬೇಕು ಎಂದು ಸಂಘದಲ್ಲಿ ಕೂತು ಮಾತಾಡಿ. ಆದರೆ ಒಂದು ಮಾತು ನೆನಪಿರಲಿ. ನೀರು ಬಂದ ಮೇಲೆ ಸಾಮಾನಿಗಾಗಿ ಯಾರೂ ಒಳಗೆ ಹೋಗಬಾರದು. ಮೊದಲು ಎತ್ತಿದ್ದರೆ ಎತ್ತಿದ ಹಾಗೆ. ಇಲ್ಲದಿದ್ದರೆ ಬಿಟ್ಟು ನಡೆಯಿರಿ.

ನೀರು ಇಳಿದ ಮೇಲೆ

ಮೊದಲು ಗೋಡೆ ನೋಡಿ. ಬಿರುಕು ಬಿಟ್ಟಿದ್ದರೆ, ವಾಲಿದ್ದರೆ ಒಳಗೆ ಹೋಗಬೇಡಿ. ಕರೆಂಟು ಬಂದ್ ಇದೆಯೇ ನೋಡಿ. ಹಾವು, ಚೇಳು ಇರುತ್ತವೆ. ಕೋಲಿನಿಂದ ತಟ್ಟಿ ನೋಡಿ. ಕೈಗೆ ಗವಸು ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಿಕೊಳ್ಳಿ.

ಆಮೇಲೆ ಎಸೆಯುವ ಮೊದಲು ಒಂದು ಸಲ ನೋಡಿ. ಸಂಶಯ ಬಂದರೆ ಬದಿಗೆ ಇಡಿ.

ಒದ್ದೆ ಪುಸ್ತಕ, ಕಾಗದ, ಓಲೆಗರಿ ಸಿಕ್ಕರೆ ಎಳೆದು ಬಿಡಿಸಬೇಡಿ. ಹರಿದು ಹೋಗುತ್ತವೆ. ಉರಿಬಿಸಿಲಿಗೆ ಹಾಕಬೇಡಿ. ಸುರುಟಿಕೊಳ್ಳುತ್ತವೆ. ನೆರಳಿನಲ್ಲಿ, ಗಾಳಿ ಆಡುವ ಕಡೆ ಒಣ ಬಟ್ಟೆಯ ಮೇಲೆ ಇಡಿ. ಬಟ್ಟೆ ಒದ್ದೆ ಆದ ಹಾಗೆ ಬದಲಿಸಿ. ಎರಡು ದಿನ ಹಾಗೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಕಾಗದ ಬಹಳ ಇದ್ದು ಒಣಗಿಸಲು ಆಗದಿದ್ದರೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರಿಜ್ಜಿನ ಐಸ್ ಆಗುವ ಜಾಗದಲ್ಲಿ ಇಡಿಸಿ. ಬೂಷ್ಟು ನಿಲ್ಲುತ್ತದೆ. ಬಲ್ಲವರು ಬರುವ ತನಕ ಕಾಯಬಹುದು. ಫೋಟೋಗಳು ಅಂಟಿದ್ದರೆ ಕೀಳಬೇಡಿ. ಶುದ್ಧವಾದ ತಣ್ಣೀರಿನಲ್ಲಿ ನೆನೆಸಿದರೆ ಮೆಲ್ಲಗೆ ಬಿಡಬಹುದು.

ಕಸೂತಿ ಸೀರೆ, ಕೌದಿ ಕೆಸರಾಗಿದ್ದರೆ ಒಣಗುವ ಮೊದಲೇ ಒಳ್ಳೆಯ ನೀರಿನಲ್ಲಿ ಅದ್ದಿ ಕೆಸರು ಬಿಡಿಸಿ. ಹಿಂಡಬೇಡಿ. ಬಣ್ಣ ಬಿಡುವ ಬಟ್ಟೆ ಬೇರೆ ಇಡಿ. ನೆರಳಿನಲ್ಲಿ ಹಾಸಿ ಒಣಗಿಸಿ. ಕಟ್ಟಿಗೆಯ ಪಲ್ಲಕ್ಕಿ, ತೊಟ್ಟಿಲು ಬಿಸಿಲಿಗೆ ಇಟ್ಟರೆ ಸೀಳುತ್ತವೆ. ಅವೂ ನೆರಳಿನಲ್ಲಿ ನಿಧಾನಕ್ಕೆ ಒಣಗಲಿ.

ಕೆತ್ತಿದ ಕಲ್ಲನ್ನು ತಂತಿ ಬ್ರಶ್ಶಿನಿಂದ ಉಜ್ಜಬೇಡಿ. ಸಿಮೆಂಟು ಮೆತ್ತಬೇಡಿ. ಬಣ್ಣ ಬಳಿಯಬೇಡಿ. ಮುರಿದ ಚೂರುಗಳನ್ನು ಒಂದು ಕಡೆ ಸೇರಿಸಿ ಇಡಿ. ಎಲ್ಲಿ ಬಿದ್ದಿತ್ತು ಎಂದು ಬರೆದಿಡಿ. ಜೆಸಿಬಿ ಬಂದರೆ ಓಡಿಸುವವನಿಗೆ ಮೊದಲೇ ಹೇಳಿ. "ಕೆತ್ತನೆ ಇರೋ ಕಲ್ಲು, ಕಂಬ, ಬಾಗಿಲು ಬದಿಗೆ ಇಡಪ್ಪಾ." ಗ್ರಾಮ ಪಂಚಾಯ್ತಿಗೆ, ತಹಶೀಲ್ದಾರರಿಗೆ ತಿಳಿಸಿ. ಅವರಿಂದ ಪುರಾತತ್ವ ಇಲಾಖೆಗೆ ಸುದ್ದಿ ಹೋಗಲಿ.

ಇನ್ನೊಂದು ಎಚ್ಚರಿಕೆ. ಕಷ್ಟದ ದಿನದಲ್ಲಿ ಹಳೇ ಸಾಮಾನು ಕೊಳ್ಳುವವರು ಬರಬಹುದು. ನಾಲ್ಕು ಕಾಸು ತೋರಿಸಿ ಹಿತ್ತಾಳೆ ವಿಗ್ರಹ, ಹಳೇ ಬಾಗಿಲು ಕೇಳಬಹುದು. ಹಸಿವಿನಲ್ಲಿ ಕೊಡಬೇಕು ಅನ್ನಿಸುತ್ತದೆ. ಅವತ್ತೇ ಕೊಡಬೇಡಿ. ಸಂಘದಲ್ಲಿ ಕೇಳಿ. ನೂರು ವರ್ಷಕ್ಕಿಂತ ಹಳೆಯ ವಿಗ್ರಹ, ಕೆತ್ತನೆಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದನ್ನು 1972ರ ಕಾನೂನು ತಡೆಯುತ್ತದೆ. ಗುಡಿಯ ವಸ್ತು ಮಾರುವ ಹಕ್ಕು ಯಾರೊಬ್ಬರಿಗೂ ಇಲ್ಲ.

ಕೆಸರಿನಲ್ಲಿ ನಿಂತವರು

"ಇಷ್ಟೆಲ್ಲಾ ನಮ್ಮಿಂದ ಆಗ್ತದೇನ್ರಿ? ನಾವೇನು ಓದಿದವರಾ?" ಅಂತ ಕೇಳಬಹುದು. ಒಂದು ದೂರದ ಊರಿನ ಸಂಗತಿ ಹೇಳುತ್ತೇವೆ. ಇಟಲಿ ದೇಶದಲ್ಲಿ ಫ್ಲಾರೆನ್ಸ್ ಎಂಬ ಊರು. 1966ರ ನವೆಂಬರ್ 4ರಂದು ಅಲ್ಲಿನ ಆರ್ನೋ ಹೊಳೆ ಊರಿಗೆ ನುಗ್ಗಿತು. ದೊಡ್ಡ ಗ್ರಂಥಾಲಯದ ಲಕ್ಷಗಟ್ಟಲೆ ಪುಸ್ತಕಗಳು ಕೆಸರಿನಲ್ಲಿ ಮುಳುಗಿದವು. ಆಗ ಬೇರೆ ಬೇರೆ ಊರುಗಳಿಂದ ಹುಡುಗರು, ಹುಡುಗಿಯರು ಬಂದರು. ಸಾಲಾಗಿ ನಿಂತು ಕೈಯಿಂದ ಕೈಗೆ ಪುಸ್ತಕ ದಾಟಿಸಿದರು. ತಂಬಾಕು ಒಣಗಿಸುವ ಗೂಡುಗಳಲ್ಲಿ ಕೂಡ ಪುಸ್ತಕ ಒಣಗಿಸಿದರು. ಅಲ್ಲಿನ ಜನ ಅವರನ್ನು 'ಕೆಸರಿನ ದೇವದೂತರು' ಎಂದು ಕರೆದರು. ಐವತ್ತು ವರ್ಷ ಕಳೆದರೂ ಆ ಪುಸ್ತಕಗಳ ದುರಸ್ತಿ ಮುಗಿದಿರಲಿಲ್ಲ. ಆದರೆ ಅವತ್ತು ತಿಪ್ಪೆಗೆ ಹಾಕಿದ್ದರೆ ದುರಸ್ತಿ ಮಾಡಲು ಏನಿರುತ್ತಿತ್ತು?

ಹಾಗೆ ಬಂದವರಲ್ಲಿ ಎಲ್ಲರೂ ಪಂಡಿತರಲ್ಲ. ಅವರು ಎರಡೇ ಕೆಲಸ ಮಾಡಿದರು. ಎಸೆಯಲಿಲ್ಲ, ಮೆಲ್ಲಗೆ ಎತ್ತಿದರು. ಕೆಸರಿನಲ್ಲಿ ನಾಟಿ ಹಚ್ಚುವ ನಮಗೆ ಕೆಸರಿನ ಕೆಲಸ ಹೊಸದೇ? ಕೂಸನ್ನು ನೀರಿನಿಂದ ಎತ್ತಿ ಒರೆಸುವ ಕೈಗೆ ಓಲೆಗರಿ ಎತ್ತಲು ಬರುವುದಿಲ್ಲವೇ?

ಮನೆ ಬಿದ್ದರೆ ಮತ್ತೆ ಕಟ್ಟಬಹುದು. ಸಾಲ ಆಗುತ್ತದೆ, ತೀರುತ್ತದೆ. ಆದರೆ ಅಜ್ಜಿಯ ಕೈಯ ಎಣಿಕೆ ಮರೆತರೆ ಯಾವ ಅಂಗಡಿಯಲ್ಲಿ ಸಿಗುತ್ತದೆ? ಕಲ್ಲಿನ ಮೇಲಿನ ಅಕ್ಷರ ಅಳಿಸಿದರೆ ಯಾರು ಓದಿ ಹೇಳುತ್ತಾರೆ? ನೆರೆಯಲ್ಲಿ ಎಲ್ಲಾ ಕಳೆದುಕೊಂಡ ಊರಿಗೆ "ನಾವು ಇಂಥವರು" ಎಂದು ಹೇಳಿಕೊಳ್ಳಲು ಏನಾದರೂ ಒಂದು ಉಳಿಯಬೇಕು. ಅದು ಉಳಿದರೆ ಮತ್ತೆ ಊರು ಕಟ್ಟುವ ಧೈರ್ಯ ಬರುತ್ತದೆ.

ರಾಣಿ ಲೋಕಮಹಾದೇವಿ ಕಲ್ಲಿನ ಮೇಲೆ ಬರೆಸಿದಳು. ನಮಗೆ ಬರೆಸುವ ಕೆಲಸ ಇಲ್ಲ. ಈಗ ನಮಗೇ ಬರೆಯಲು ಬರುತ್ತದೆ. ಬರುವ ಮಳೆಗಾಲದ ಮೊದಲು ಊರಿಗೊಂದು ನೆನಪಿನ ಪುಸ್ತಕ ಆಗಲಿ. ಮೊದಲ ಪುಟದಲ್ಲಿ ನಮ್ಮ ಊರಿನ ಹೆಸರು ಬರೆಯೋಣ. ಎರಡನೆಯ ಪುಟದಲ್ಲಿ ಊರಿನ ಅತಿ ಹಿರಿಯ ಅಜ್ಜಿಯ ಹೆಸರು, ಅವಳಿಗೆ ಬರುವ ಹಾಡು ಬರೆಯೋಣ.

ಬನ್ನಿ ಅಕ್ಕಾ, ಬನ್ನಿ ತಂಗಿ, ಪೆನ್ನು ಹಿಡಿಯೋಣ.