ಕಾಮಾಲೆ: ಕಂಡದ್ದು ಮತ್ತು ಕಾಣದ್ದು

ಚನ್ನಗಿರಿಯ ಅಡಿಕೆ ತೋಟ, ಹೊನ್ನಾಳಿಯ ತುಂಗಭದ್ರಾ ತೀರ, ನ್ಯಾಮತಿಯ ಮೆಕ್ಕೆಜೋಳದ ಹೊಲ, ಜಗಳೂರಿನ ಒಣಭೂಮಿ - ಒಂದೊಂದು ಕಡೆ ಒಂದೊಂದು ಮಣ್ಣು, ಒಂದೊಂದು ಬೆಳೆ. ಈ ನಾಲ್ಕೂ ಕಡೆ ವೈದ್ಯನಾಗಿ ದುಡಿದ ನಾನು ಎಲ್ಲೆಲ್ಲಿಯೂ ಕೇಳಿದ ಮಾತು ಮಾತ್ರ ಒಂದೇ: 'ಕಾಮಾಲೆಗೆ ಇಂಗ್ಲಿಷ್ ಮದ್ದಿಲ್ಲ.' ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧದ ಬೆಲೆಯನ್ನು ನಮ್ಮ ಮನೆಯೇ ತೆತ್ತಿದೆ.

ಕಾಮಾಲೆ ರೋಗವಲ್ಲ, ರೋಗದ ಚಿಹ್ನೆ. ಯಕೃತ್ತು ಸೋತಾಗ ಇಲ್ಲವೆ ಪಿತ್ತನಾಳ ಕಟ್ಟಿಕೊಂಡಾಗ, ಹೊರಹೋಗಬೇಕಾದ ಹಳದಿ ವಸ್ತು ಕಣ್ಣು, ಚರ್ಮಗಳಲ್ಲಿ ತಂಗುತ್ತದೆ. ಕೊಳೆ ನೀರಿನಿಂದ ಬರುವ 'ಎ' ಮತ್ತು 'ಇ' ವೈರಸ್ಸುಗಳ ಕಾಮಾಲೆ ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಗರ್ಭಿಣಿಯರಿಗೆ ಮಾತ್ರ 'ಇ' ಪ್ರಾಣಾಂತಿಕವಾಗಬಹುದು. ಆ ವಾರಗಳಲ್ಲಿ ನೆಲನೆಲ್ಲಿಯ ರಸ ಕುಡಿದವರು ಕೀರ್ತಿಯನ್ನು ನೆಲನೆಲ್ಲಿಗೆ ಕೊಡುತ್ತಾರೆ. ವಿಜ್ಞಾನವೇನೂ ಈ ಗಿಡವನ್ನು ಕಡೆಗಣಿಸಲಿಲ್ಲ. 1988ರಲ್ಲಿ ಮದರಾಸಿನ ಸಂಶೋಧಕರು ಅದರ ಬಗ್ಗೆ ಆಶಾದಾಯಕ ವರದಿ ಪ್ರಕಟಿಸಿದರು. ಮುಂದಿನ ಪರೀಕ್ಷೆಗಳಲ್ಲಿ ಆ ಆಶೆ ನಿಲ್ಲಲಿಲ್ಲ.

ರಕ್ತದ ಮೂಲಕ ಹರಡುವ 'ಬಿ' ಮತ್ತು 'ಸಿ' ವೈರಸ್ಸುಗಳ ದಾರಿಯೇ ಬೇರೆ. ಹೆರಿಗೆಯ ಸಮಯದಲ್ಲಿ ತಾಯಿಯಿಂದ ಮಗುವಿಗೆ, ಶುದ್ಧಗೊಳಿಸದ ಸೂಜಿಯಿಂದ ಒಬ್ಬರಿಂದೊಬ್ಬರಿಗೆ ಅವು ದಾಟುತ್ತವೆ. ಕಣ್ಣು ಹಳದಿಯಾಗದೆಯೇ ಇಪ್ಪತ್ತು ಮೂವತ್ತು ವರ್ಷ ಯಕೃತ್ತನ್ನು ಒಳಗೊಳಗೇ ಸವೆಸಬಲ್ಲವು.

ನಮ್ಮ ಚಿಕ್ಕಪ್ಪ ಹೆಂಡ ಮುಟ್ಟಿದವರಲ್ಲ. 1986ರಲ್ಲಿ ಅವರ ಹೊಟ್ಟೆ ಊದಿಕೊಂಡಾಗ ಮನೆಯವರು ನಾಟಿ ಔಷಧಿ ಕೊಡಿಸಿದರು. ಆಗ ವೈದ್ಯಕೀಯ ವಿದ್ಯಾರ್ಥಿಯಾಗಿದ್ದ ನಾನು ಹಿರಿಯರಿಗೆ ಎದುರಾಡಲಾರದೆ ಸುಮ್ಮನಿದ್ದೆ. ರಕ್ತ ಕಾರಿಕೊಂಡ ಮೇಲೆ ದಾವಣಗೆರೆಗೆ ಕರೆದೊಯ್ದೆವು. ಪರೀಕ್ಷೆಯಲ್ಲಿ 'ಬಿ' ವೈರಸ್ ಕಂಡಿತು. ನಾಲ್ಕನೆಯ ದಿನ ಅವರು ತೀರಿಕೊಂಡರು. ಆ ವೈರಸ್ಸನ್ನು ಅಡಗಿಸುವ ಮಾತ್ರೆ ಅಂದು ಇರಲಿಲ್ಲ ನಿಜ. ಆದರೆ ನನ್ನ ಮೌನಕ್ಕೆ ಅದು ಸಮಾಧಾನವಲ್ಲ.

ಇಂದು ಆ ಮಾತ್ರೆಗಳಿವೆ. 'ಬಿ' ವೈರಸ್ಸನ್ನು ಅವು ಪೂರ್ತಿ ಅಳಿಸುವುದು ಅಪರೂಪ. ಆದರೆ ದಿನವೂ ಸೇವಿಸಿದರೆ ಅದನ್ನು ಹದ್ದಿನಲ್ಲಿಟ್ಟು ಯಕೃತ್ತನ್ನು ಕಾಯುತ್ತವೆ. 1989ರಲ್ಲಿ ಗುರುತಿಸಲಾದ 'ಸಿ' ವೈರಸ್ಸಿನ ಕಥೆ ಇನ್ನೂ ಸೋಜಿಗದ್ದು. ಒಂದು ಕಾಲಕ್ಕೆ ತಿಂಗಳುಗಟ್ಟಲೆ ಚುಚ್ಚುಮದ್ದು ಸಹಿಸಿದರೂ ಅನೇಕರಿಗೆ ಗುಣವಾಗುತ್ತಿರಲಿಲ್ಲ. ಈಗ ಸಾಮಾನ್ಯವಾಗಿ ಮೂರು ತಿಂಗಳ ಮಾತ್ರೆಗಳಿಂದ ನೂರಕ್ಕೆ 95ಕ್ಕೂ ಹೆಚ್ಚು ಮಂದಿ ಗುಣ ಹೊಂದುತ್ತಾರೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಈ ಎರಡಕ್ಕೂ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಪರೀಕ್ಷೆ, ಔಷಧಿ ಉಚಿತ.

ಎಲ್ಲಕ್ಕಿಂತ ದೊಡ್ಡ ಗೆಲುವು ಲಸಿಕೆಯದು. 'ಬಿ' ವೈರಸ್ಸಿನ ಜಾಡು ಹಿಡಿದ ಬ್ಲುಂಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಆ ಶೋಧದಿಂದ ಹುಟ್ಟಿದ ಲಸಿಕೆಯ ಮೊದಲ ಡೋಸನ್ನು ಮಗು ಹುಟ್ಟಿದ 24 ಗಂಟೆಗಳೊಳಗೆ ಕೊಡಬೇಕು.

2005ರಲ್ಲಿ ಚಿಕ್ಕಪ್ಪನ ಮಗಳು ಬಸುರಿಯಾದಾಗ ಅವಳ ರಕ್ತದಲ್ಲಿಯೂ 'ಬಿ' ಇರುವುದು ತಿಳಿಯಿತು. ಈ ಸಲ ನಾನು ಸುಮ್ಮನಿರಲಿಲ್ಲ. ಕೂಸಿಗೆ ಹುಟ್ಟಿದ ದಿನವೇ ಲಸಿಕೆಯನ್ನೂ ರಕ್ಷಣೆಯ ಇನ್ನೊಂದು ಚುಚ್ಚುಮದ್ದನ್ನೂ ಕೊಡಿಸಿದೆವು. ಆ ಹುಡುಗನ ರಕ್ತದಲ್ಲಿ ವೈರಸ್ ಇಲ್ಲ. ಅಜ್ಜನಿಗೆ ಬಂದ ಬೇನೆ ತಾಯಿಯಲ್ಲಿಗೇ ನಿಂತಿತು.

ಆದ್ದರಿಂದ ಕೇಳುಗರಲ್ಲಿ ನನ್ನ ಅರಿಕೆ ಇಷ್ಟೆ: ಕಣ್ಣು ಹಳದಿಯಾದಾಗ ಮೊದಲು ರಕ್ತಪರೀಕ್ಷೆ ಮಾಡಿಸಿ. ಮನೆಯಲ್ಲಿ ಒಬ್ಬರಿಗೆ 'ಬಿ' ಇದ್ದರೆ ಉಳಿದವರೂ ಪರೀಕ್ಷೆ ಮಾಡಿಸಿಕೊಳ್ಳಿ, ಕಣ್ಣು ಎಷ್ಟೇ ಬೆಳ್ಳಗಿರಲಿ.